ವಾಹನಗಳಲ್ಲಿ ನಟ್ ಭದ್ರಪಡಿಸುವ ವಿಧಾನಗಳು

ವಾಹನಗಳ ಬಿಡಿಭಾಗಗಳನ್ನು ಜೋಡಿಸಲು ಬಳಸುವ ನಟ್‌ಗಳು ಕಂಪನ, ಆಘಾತ ಹಾಗೂ ಉಷ್ಣತೆಯ ಏರಿಳಿತಗಳಿಂದ ತಾವಾಗಿಯೇ ಸಡಿಲಗೊಳ್ಳದಂತೆ ಅಥವಾ ಕಳಚಿ ಬೀಳದಂತೆ ಮಾಡುವ ಏರ್ಪಾಡುಗಳನ್ನು ನಟ್ ಭದ್ರಪಡಿಸುವ ವಿಧಾನಗಳು ಎಂದು ಕರೆಯಲಾಗುತ್ತದೆ. ಬೈಸಿಕಲ್, ಮೋಟಾರ್ ಸೈಕಲ್, ಕಾರು, ಲಾರಿ, ರೈಲು ಮತ್ತು ವಿಮಾನ ಇವೆಲ್ಲವುಗಳಲ್ಲಿಯೂ ಇಂತಹ ಏರ್ಪಾಡುಗಳಿವೆ. ಚೆಕ್ ನಟ್, ಸ್ಪ್ರಿಂಗ್ ವಾಷರ್, ನೈಲಾನ್ ಉಂಗುರವಿರುವ ನಟ್, ಕ್ಯಾಸಲ್ ನಟ್ ಮತ್ತು ಸ್ಪ್ಲಿಟ್ ಪಿನ್, ಮಡಚುವ ವಾಷರ್, ಭದ್ರತಾ ತಂತಿ, ಬೆಣೆ ವಾಷರ್ ಹಾಗೂ ಎಳೆಗಳನ್ನು ಅಂಟಿಸುವ ದ್ರವ ಇವು ಮುಖ್ಯವಾದವು. ಈ ವಿಧಾನಗಳಲ್ಲಿ ಕೆಲವು ಜೋಡಣೆಯ ಬಿಗಿತವನ್ನೇ ಉಳಿಸುತ್ತವೆ. ಮತ್ತೆ ಕೆಲವು, ಬಿಗಿತ ಹೋದರೂ ನಟ್ ಉದುರಿ ಹೋಗದಂತೆ ಮಾತ್ರ ತಡೆಯುತ್ತವೆ. ಯಾವ ಭಾಗಕ್ಕೆ ಯಾವ ವಿಧಾನ ಸರಿ ಎಂಬುದು ಮುಖ್ಯವಾಗಿ ಈ ಭೇದವನ್ನು ಅವಲಂಬಿಸಿದೆ.

ಪದಬಳಕೆ

ನಟ್, ಬೋಲ್ಟ್, ವಾಷರ್, ಸ್ಪ್ಯಾನರ್ ಎಂಬ ಪದಗಳು ಕನ್ನಡದಲ್ಲಿ ಹಾಗೆಯೇ ಬಳಕೆಗೆ ಬಂದಿವೆ. ಮೊದಲ ನಟ್‌ಗೆ ಒತ್ತಿ ನಿಲ್ಲಿಸುವ ಎರಡನೆಯ ನಟ್‌ಗೆ ಗ್ಯಾರೇಜುಗಳಲ್ಲಿ ಚೆಕ್ ನಟ್ ಅಥವಾ ಲಾಕ್ ನಟ್ ಎಂಬ ಹೆಸರು ರೂಢಿಯಲ್ಲಿದೆ. ಬೋಲ್ಟಿನ ಮೈಮೇಲೂ ನಟ್‌ನ ಒಳಗೂ ಸುರುಳಿಯಾಗಿ ಕೊರೆದಿರುವ ಏಣನ್ನು ಈ ಲೇಖನದಲ್ಲಿ ಎಳೆ ಎಂದು ಕರೆಯಲಾಗಿದೆ. ಕೆಲಸಗಾರರು ಇದನ್ನು ಥ್ರೆಡ್ ಎನ್ನುತ್ತಾರೆ. ಬಿಗಿಯುವಾಗ ಸ್ಪ್ಯಾನರ್ ಮೂಲಕ ಕೊಡುವ ತಿರುಚುಬಲಕ್ಕೆ ಟಾರ್ಕ್ ಎಂದೂ, ಬಿಗಿದ ಬೋಲ್ಟು ಎರಡು ಭಾಗಗಳನ್ನು ಒಂದಕ್ಕೊಂದು ಒತ್ತಿಹಿಡಿಯುವ ಬಲಕ್ಕೆ ಹಿಡಿತಬಲ ಎಂದೂ ಹೆಸರು. ಟಾರ್ಕನ್ನು ನ್ಯೂಟನ್ ಮೀಟರ್‌ಗಳಲ್ಲಿ ಅಳೆಯುತ್ತಾರೆ.

ಬಿಗಿತದ ಮೂಲ

ಬಿಗಿದ ಬೋಲ್ಟು ಹಿಗ್ಗಿ ನಿಂತಿರುವ ಗಟ್ಟಿಯಾದ ಸ್ಪ್ರಿಂಗಿನಂತೆ ವರ್ತಿಸುತ್ತದೆ. ನಟ್ ತಿರುಗಿಸಿದಂತೆ ಬೋಲ್ಟು ಅತ್ಯಲ್ಪವಾಗಿ ಉದ್ದವಾಗುತ್ತದೆ. ಹಿಂದಿನ ಉದ್ದಕ್ಕೆ ಮರಳಲು ಅದು ಎಳೆಯುವ ಬಲವೇ ಎರಡು ಭಾಗಗಳನ್ನು ಒತ್ತಿ ಹಿಡಿಯುತ್ತದೆ. 10 ಮಿಲಿಮೀಟರ್ ವ್ಯಾಸದ, 8.8 ದರ್ಜೆಯ ಬೋಲ್ಟನ್ನು ಸರಿಯಾಗಿ ಬಿಗಿದಾಗ ಸುಮಾರು 25 ಕಿಲೋನ್ಯೂಟನ್, ಅಂದರೆ ಹೆಚ್ಚುಕಡಿಮೆ ಎರಡೂವರೆ ಟನ್ ತೂಕಕ್ಕೆ ಸಮನಾದ ಹಿಡಿತಬಲ ಉಂಟಾಗುತ್ತದೆ. ಹಿಡಿದ ಭಾಗಗಳ ಒಟ್ಟು ದಪ್ಪ 50 ಮಿಲಿಮೀಟರ್ ಇದ್ದರೆ, ಇಷ್ಟು ಬಲಕ್ಕೆ ಬೋಲ್ಟು ಹಿಗ್ಗುವುದು ಸುಮಾರು 0.1 ಮಿಲಿಮೀಟರ್ ಮಾತ್ರ.

ಸ್ಪ್ಯಾನರ್‌ಗೆ ಹಾಕಿದ ಶ್ರಮವೆಲ್ಲ ಹಿಡಿತಬಲವಾಗಿ ಮಾರ್ಪಡುವುದಿಲ್ಲ. ಸ್ಥೂಲವಾಗಿ ಹೇಳುವುದಾದರೆ ಟಾರ್ಕಿನ ಅರ್ಧಭಾಗ ನಟ್‌ನ ತಳದ ಘರ್ಷಣೆಯನ್ನು ಮೀರಲು, ಶೇಕಡ 40ರಷ್ಟು ಎಳೆಗಳ ಘರ್ಷಣೆಯನ್ನು ಮೀರಲು ವ್ಯಯವಾಗುತ್ತದೆ. ಉಳಿದ ಶೇಕಡ 10ರಷ್ಟು ಮಾತ್ರ ಬೋಲ್ಟನ್ನು ಹಿಗ್ಗಿಸುತ್ತದೆ. ಆದುದರಿಂದ ತುಕ್ಕು, ಎಣ್ಣೆ ಅಥವಾ ಕೊಳೆಯಿಂದ ಘರ್ಷಣೆ ಸ್ವಲ್ಪ ಬದಲಾದರೂ ಅದೇ ಟಾರ್ಕಿಗೆ ದೊರೆಯುವ ಹಿಡಿತಬಲದಲ್ಲಿ ಬಹಳ ವ್ಯತ್ಯಾಸವಾಗುತ್ತದೆ.

ನಟ್ ಸಡಿಲಗೊಳ್ಳಲು ಕಾರಣಗಳು

ಎಳೆಯೆಂಬುದು ಕಂಬಕ್ಕೆ ಸುತ್ತಿದ ಇಳಿಜಾರು. 10 ಮಿಲಿಮೀಟರ್ ಬೋಲ್ಟಿನ ಸಾಮಾನ್ಯ ಎಳೆಯಲ್ಲಿ ಈ ಇಳಿಜಾರಿನ ಕೋನ ಸುಮಾರು 3 ಡಿಗ್ರಿ. ಇಷ್ಟು ಕಡಿಮೆ ಇಳಿಜಾರಿನಲ್ಲಿ ಉಕ್ಕಿನ ಮೇಲೆ ಉಕ್ಕು ತಾನಾಗಿಯೇ ಜಾರುವುದಿಲ್ಲ. ಆದಕಾರಣ ಅಲುಗಾಟವಿಲ್ಲದ ಸ್ಥಳದಲ್ಲಿ ಸರಿಯಾಗಿ ಬಿಗಿದ ನಟ್ ಬೇರಾವ ಆಸರೆಯಿಲ್ಲದೆಯೂ ವರ್ಷಗಟ್ಟಲೆ ನಿಲ್ಲುತ್ತದೆ. ವಾಹನಗಳಲ್ಲಿ ಹೀಗಾಗದಿರಲು ಎರಡು ಮುಖ್ಯ ಕಾರಣಗಳಿವೆ.

ಮೊದಲನೆಯದು ಅಡ್ಡ ಕಂಪನ. ಬೋಲ್ಟಿನ ಉದ್ದಕ್ಕೆ ಅಡ್ಡಲಾಗಿ ಭಾಗಗಳು ಹಿಂದೆ ಮುಂದೆ ಸರಿದಾಗ ಎಳೆಗಳ ನಡುವೆಯೂ ನಟ್‌ನ ತಳದಲ್ಲಿಯೂ ಜಾರುವಿಕೆ ಉಂಟಾಗುತ್ತದೆ. ಒಂದು ದಿಕ್ಕಿನಲ್ಲಿ ಜಾರುತ್ತಿರುವ ವಸ್ತುವನ್ನು ಘರ್ಷಣೆಯು ಮತ್ತೊಂದು ದಿಕ್ಕಿನಲ್ಲಿ ತಡೆದು ನಿಲ್ಲಿಸಲಾರದು. ಇಳಿಜಾರಾದ ಹಲಗೆಯ ಮೇಲಿರುವ ಕಲ್ಲು ಹಲಗೆಯನ್ನು ಅಕ್ಕಪಕ್ಕಕ್ಕೆ ಅಲುಗಿಸಿದಾಗ ಮೆಲ್ಲಮೆಲ್ಲನೆ ಕೆಳಗಿಳಿಯುವಂತೆ, ನಟ್ ಕೂಡ ಪ್ರತಿ ಅಲುಗಾಟಕ್ಕೆ ಕಿಂಚಿತ್ ಹಿಂದಕ್ಕೆ ತಿರುಗುತ್ತದೆ. ಜರ್ಮನಿಯ ಎಂಜಿನಿಯರ್ ಗೆರ್ಹಾರ್ಡ್ ಯುಂಕರ್ 1969ರಲ್ಲಿ ಪ್ರಕಟಿಸಿದ ಪ್ರಬಂಧದಲ್ಲಿ ಇದನ್ನು ಪ್ರಯೋಗಗಳಿಂದ ತೋರಿಸಿದರು. ಬೋಲ್ಟಿನ ಉದ್ದಕ್ಕೆ ಬರುವ ಕಂಪನಕ್ಕಿಂತ ಅಡ್ಡ ಕಂಪನವೇ ಹೆಚ್ಚು ಅಪಾಯಕರವೆಂಬುದು ಅವರ ಮುಖ್ಯ ನಿರ್ಣಯ. ಅವರು ರೂಪಿಸಿದ ಯಂತ್ರದ ಪರೀಕ್ಷೆ ಯುಂಕರ್ ಪರೀಕ್ಷೆ ಎಂಬ ಹೆಸರಿನಿಂದ ಇಂದಿಗೂ ಬಳಕೆಯಲ್ಲಿದೆ.

ಎರಡನೆಯದು ಕುಸಿತ. ಇಲ್ಲಿ ನಟ್ ತಿರುಗದೆಯೇ ಬಿಗಿತ ಇಳಿಯುತ್ತದೆ. ಒತ್ತಲ್ಪಟ್ಟ ಮೇಲ್ಮೈಗಳ ಸೂಕ್ಷ್ಮ ಉಬ್ಬುತಗ್ಗುಗಳು ಕಾಲಕ್ರಮದಲ್ಲಿ ಚಪ್ಪಟೆಯಾಗುತ್ತವೆ. ನಡುವಿನ ಬಣ್ಣದ ಪದರ, ತುಕ್ಕು, ಮಣ್ಣು ಅಥವಾ ಗ್ಯಾಸ್ಕೆಟ್ ತೆಳುವಾಗುತ್ತದೆ. ಬೋಲ್ಟಿನ ಒಟ್ಟು ಹಿಗ್ಗುವಿಕೆಯೇ 0.1 ಮಿಲಿಮೀಟರ್ ಇರುವಾಗ, ಅದರ ಒಂದು ಅಲ್ಪ ಭಾಗದಷ್ಟು ಕುಸಿತವೂ ಹಿಡಿತಬಲವನ್ನು ಗಣನೀಯವಾಗಿ ತಗ್ಗಿಸುತ್ತದೆ. ಹಿಡಿತಬಲ ತಗ್ಗಿದಾಗ ಭಾಗಗಳು ಅಡ್ಡಲಾಗಿ ಸರಿಯತೊಡಗುತ್ತವೆ. ಹೀಗೆ ಎರಡನೆಯ ಕಾರಣವು ಮೊದಲನೆಯದಕ್ಕೆ ದಾರಿ ಮಾಡಿಕೊಡುತ್ತದೆ. ಉದ್ದವಾದ ಬೋಲ್ಟು ಅದೇ ಬಲಕ್ಕೆ ಹೆಚ್ಚು ಹಿಗ್ಗುವುದರಿಂದ ಕುಸಿತವನ್ನು ಹೆಚ್ಚು ತಾಳಿಕೊಳ್ಳುತ್ತದೆ.

ಘರ್ಷಣೆಯನ್ನು ಅವಲಂಬಿಸಿದ ವಿಧಾನಗಳು

ಚೆಕ್ ನಟ್: ಒಂದೇ ಬೋಲ್ಟಿಗೆ ಎರಡು ನಟ್‌ಗಳನ್ನು ಹಾಕಿ ಒಂದನ್ನೊಂದು ಒತ್ತುವಂತೆ ಬಿಗಿಯುವುದು ಹಳೆಯ ವಿಧಾನಗಳಲ್ಲೊಂದು. ಒಳಗಿನ ನಟ್ಟನ್ನು ಮೊದಲು ಹದವಾಗಿ ಬಿಗಿದು, ಅದು ತಿರುಗದಂತೆ ಒಂದು ಸ್ಪ್ಯಾನರಿನಿಂದ ಹಿಡಿದು, ಹೊರಗಿನದನ್ನು ಇನ್ನೊಂದು ಸ್ಪ್ಯಾನರಿನಿಂದ ಪೂರ್ಣವಾಗಿ ಬಿಗಿಯಬೇಕು. ಆಗ ಹೊರೆಯು ಹೊರಗಿನ ನಟ್‌ಗೆ ವರ್ಗವಾಗುತ್ತದೆ. ಆದ್ದರಿಂದ ಎರಡರಲ್ಲಿ ಒಂದು ತೆಳು, ಇನ್ನೊಂದು ದಪ್ಪ ಇದ್ದರೆ ತೆಳುವಾದುದು ಒಳಗೆ, ದಪ್ಪನೆಯದು ಹೊರಗೆ ಇರಬೇಕು. ಕಾರ್ಯಾಗಾರಗಳಲ್ಲಿ ಇದಕ್ಕೆ ವಿರುದ್ಧವಾಗಿ ಜೋಡಿಸಿರುವುದೂ ಕಾಣಬರುತ್ತದೆ. ಬೈಸಿಕಲ್ ಚಕ್ರದ ಅಚ್ಚಿನಲ್ಲಿ ಕೋನ್ ಕದಲದಂತೆ ಅದಕ್ಕೆ ಒತ್ತಿ ನಿಲ್ಲುವ ನಟ್, ಮೋಟಾರ್ ಸೈಕಲಿನ ಕ್ಲಚ್ ಕೇಬಲ್ ಮತ್ತು ಚೈನ್ ಹೊಂದಿಸುವ ತಿರುಪಿನ ನಟ್, ಎಂಜಿನ್ನಿನ ಟ್ಯಾಪೆಟ್ ತಿರುಪಿನ ನಟ್ ಇವು ಇದೇ ತತ್ತ್ವದ ಉದಾಹರಣೆಗಳು. ಆಗಾಗ ಹೊಂದಾಣಿಕೆ ಬೇಕಾಗುವ ಕಡೆ ಈ ವಿಧಾನ ಅನುಕೂಲಕರ.

ಸ್ಪ್ರಿಂಗ್ ವಾಷರ್: ಒಂದು ಕಡೆ ಸೀಳಿರುವ, ತುದಿಗಳು ಮೇಲೆ ಕೆಳಗೆ ಸರಿದಿರುವ ಉಕ್ಕಿನ ಉಂಗುರವಿದು. ಭಾರತೀಯ ಮಾನಕ ಬ್ಯೂರೋದ ಐಎಸ್ 3063 ಮಾನಕವು ಇದಕ್ಕೆ ಸಂಬಂಧಿಸಿದೆ. ಬಳಕೆ ವ್ಯಾಪಕವಾಗಿದ್ದರೂ ಇದರ ಸಾಮರ್ಥ್ಯ ಸೀಮಿತ. ನಟ್ ಪೂರ್ಣವಾಗಿ ಬಿಗಿಯುವ ಮುನ್ನವೇ ವಾಷರ್ ಚಪ್ಪಟೆಯಾಗುತ್ತದೆ. ಅನಂತರ ಅದು ಸಾಮಾನ್ಯ ವಾಷರಿನಂತೆಯೇ ಇರುತ್ತದೆ. ಅಮೆರಿಕದ ನಾಸಾ ಸಂಸ್ಥೆ 1990ರಲ್ಲಿ ಪ್ರಕಟಿಸಿದ ಬಂಧಕಗಳ ವಿನ್ಯಾಸ ಕೈಪಿಡಿಯು ಈ ಕಾರಣದಿಂದಲೇ ಇದಕ್ಕೆ ಭದ್ರಪಡಿಸುವ ಗುಣವಿಲ್ಲವೆಂದು ಹೇಳಿದೆ. ಜರ್ಮನಿಯಲ್ಲಿ ಇಂತಹ ವಾಷರಿನ ಡಿಐಎನ್ 127 ಮಾನಕವನ್ನು ಹಿಂತೆಗೆದುಕೊಳ್ಳಲಾಗಿದೆ. ಹೆಚ್ಚು ಹೊರೆಯಿಲ್ಲದ ಮಡ್‌ಗಾರ್ಡ್, ನಂಬರ್ ಪ್ಲೇಟ್ ಮುಂತಾದ ಕಡೆ ಇದರ ಬಳಕೆಯಿಂದ ತೊಂದರೆಯಿಲ್ಲ. ಸ್ಟಿಯರಿಂಗ್, ಬ್ರೇಕ್ ಮುಂತಾದ ಭಾಗಗಳಲ್ಲಿ ಇದೊಂದನ್ನೇ ನೆಚ್ಚುವುದು ತಕ್ಕುದಲ್ಲ.

ನೈಲಾನ್ ಉಂಗುರದ ನಟ್: ನೈಲಾಕ್ ನಟ್ ಎಂದು ಪ್ರಸಿದ್ಧವಾದ ಈ ನಟ್‌ನ ಮೇಲ್ತುದಿಯಲ್ಲಿ ಎಳೆಯಿಲ್ಲದ ನೈಲಾನ್ ಉಂಗುರವಿರುತ್ತದೆ. ಬೋಲ್ಟು ಅದರೊಳಗೆ ತಾನೇ ದಾರಿ ಮಾಡಿಕೊಂಡು ಹೋಗುವುದರಿಂದ ನೈಲಾನ್ ಎಳೆಗಳನ್ನು ಬಿಗಿಯಾಗಿ ಅಪ್ಪಿಕೊಳ್ಳುತ್ತದೆ. ಹಿಡಿತಬಲ ಇಳಿದರೂ ಈ ಅಪ್ಪುಗೆ ಉಳಿದು, ನಟ್ ಬೋಲ್ಟಿನಿಂದ ಕಳಚಿಹೋಗದಂತೆ ತಡೆಯುತ್ತದೆ. ಬಿಗಿದ ಮೇಲೆ ಬೋಲ್ಟಿನ ಒಂದೆರಡು ಎಳೆಗಳಾದರೂ ಉಂಗುರದಿಂದ ಹೊರಗೆ ಕಾಣಬೇಕು. ಸುಮಾರು 120 ಡಿಗ್ರಿ ಸೆಲ್ಸಿಯಸ್ ಮೀರಿದ ಶಾಖದಲ್ಲಿ ನೈಲಾನ್ ಮೆತ್ತಗಾಗುವುದರಿಂದ ಸೈಲೆನ್ಸರ್ ಮತ್ತು ಎಂಜಿನ್ನಿನ ಹೊಗೆಕೊಳವೆಗಳ ಬಳಿ ಇದನ್ನು ಬಳಸುವುದಿಲ್ಲ.

ಪೂರ್ಣಲೋಹದ ಬಿಗಿನಟ್: ನಟ್‌ನ ಮೇಲ್ತುದಿಯನ್ನು ತಯಾರಿಕೆಯಲ್ಲೇ ಅಲ್ಪಸ್ವಲ್ಪ ಅಂಡಾಕಾರಕ್ಕೆ ಅಥವಾ ತ್ರಿಕೋನಾಕಾರಕ್ಕೆ ಒತ್ತಿರುತ್ತಾರೆ. ಬೋಲ್ಟು ಅದರ ಮೂಲಕ ಹಾಯುವಾಗ ಲೋಹವೇ ಎಳೆಗಳನ್ನು ಒತ್ತುತ್ತದೆ. ನೈಲಾನ್ ತಾಳಲಾರದ ಶಾಖದ ಸ್ಥಳಗಳಲ್ಲಿ ಇದು ಉಪಯುಕ್ತ.

ಅಡ್ಡತಡೆಯ ವಿಧಾನಗಳು

ಈ ಗುಂಪಿನ ವಿಧಾನಗಳಲ್ಲಿ ನಟ್ ತಿರುಗದಂತೆ ಒಂದು ಲೋಹದ ತುಂಡು ನೇರವಾಗಿ ಅಡ್ಡ ನಿಲ್ಲುತ್ತದೆ.

ಕ್ಯಾಸಲ್ ನಟ್ ಮತ್ತು ಸ್ಪ್ಲಿಟ್ ಪಿನ್: ಕೋಟೆಯ ತೆನೆಗಳಂತೆ ಮೇಲ್ಗಡೆ ಸೀಳುಗಳಿರುವ ನಟ್ ಇದು, ಹೆಸರು ಬಂದಿರುವುದೂ ಆ ಆಕಾರದಿಂದಲೇ. ಬೋಲ್ಟಿನ ರಂಧ್ರಕ್ಕೆ ಸೀಳು ಎದುರಾದಾಗ ಎರಡು ಕಾಲುಗಳ ಪಿನ್ ತೂರಿಸಿ ಕಾಲುಗಳನ್ನು ಬಗ್ಗಿಸುತ್ತಾರೆ. ಸಾಮಾನ್ಯವಾಗಿ ಆರು ಸೀಳುಗಳಿರುವುದರಿಂದ ಪ್ರತಿ 60 ಡಿಗ್ರಿಗೆ ಒಂದು ಸ್ಥಾನ ದೊರೆಯುತ್ತದೆ. ಸ್ಟಿಯರಿಂಗಿನ ಟೈ ರಾಡ್ ತುದಿಗಳು, ಬಾಲ್ ಜಾಯಿಂಟುಗಳು ಮತ್ತು ಕೆಲವು ಮೋಟಾರ್ ಸೈಕಲ್‌ಗಳ ಹಿಂಚಕ್ರದ ಅಚ್ಚು ಇದಕ್ಕೆ ಉದಾಹರಣೆ. ಇಂತಹ ಜೋಡಣೆಗಳಲ್ಲಿ ನಿಗದಿತ ಟಾರ್ಕಿಗೆ ಬಿಗಿದ ಬಳಿಕ ಸೀಳು ಎದುರಾಗದಿದ್ದರೆ ನಟ್ಟನ್ನು ಇನ್ನಷ್ಟು ಮುಂದಕ್ಕೆ ತಿರುಗಿಸಬೇಕು. ಹಿಂದಕ್ಕೆ ತಿರುಗಿಸಿದರೆ ಹಿಡಿತಬಲ ಇಳಿಯುತ್ತದೆ.

ಶಂಕುವಿನಾಕಾರದ ರೋಲರ್ ಬೇರಿಂಗುಗಳಿರುವ ಚಕ್ರದ ಹಬ್‌ನಲ್ಲಿ ನಿಯಮ ಬೇರೆ. ಅಲ್ಲಿ ನಟ್ ಬಿಗಿದು ನಿಲ್ಲಬಾರದು; ಬೇರಿಂಗ್ ಸಲೀಸಾಗಿ ತಿರುಗುವಷ್ಟು ಹದದಲ್ಲಿರಬೇಕು. ಆದಕಾರಣ ಬಿಗಿದ ಮೇಲೆ ತಯಾರಕರು ಹೇಳಿದಷ್ಟು ಸಡಿಲಿಸಿ ಪಿನ್ ಹಾಕುತ್ತಾರೆ. ಇಲ್ಲಿ ನಟ್ಟನ್ನು ಹಿಡಿದಿಡಲು ಬಿಗಿತವೇ ಇಲ್ಲದಿರುವುದರಿಂದ ಚಕ್ರ ಉಳಿಯುವುದು ಪಿನ್ನಿನಂತಹ ಅಡ್ಡತಡೆಯ ಬಲದಿಂದಲೇ. ಒಮ್ಮೆ ಬಗ್ಗಿಸಿ ನೆಟ್ಟಗೆ ಮಾಡಿದ ಪಿನ್ ಮತ್ತೆ ಬಗ್ಗಿಸಿದಾಗ ಮುರಿಯುವ ಸಂಭವವಿರುತ್ತದೆ. ಪ್ರತಿಸಲವೂ ಸರಿಯಾದ ಅಳತೆಯ ಹೊಸ ಪಿನ್ ಹಾಕಬೇಕು. ಮೊಳೆ ಅಥವಾ ತಂತಿಯ ತುಂಡು ಅದಕ್ಕೆ ಬದಲಿಯಲ್ಲ.

ಮಡಚುವ ವಾಷರ್: ತೆಳುವಾದ ತಗಡಿನ ಈ ವಾಷರಿಗೆ ನಾಲಗೆಗಳಿರುತ್ತವೆ. ಒಂದು ನಾಲಗೆ ಸ್ಥಿರಭಾಗಕ್ಕೆ ಸಿಕ್ಕಿಕೊಂಡರೆ ಇನ್ನೊಂದನ್ನು ನಟ್‌ನ ಚಪ್ಪಟೆ ಪಕ್ಕಕ್ಕೆ ತಾಗುವಂತೆ ಮಡಚುತ್ತಾರೆ. ಕ್ಲಚ್‌ನ ನಡುವಿನ ನಟ್ ಮತ್ತು ಚೈನ್ ಸ್ಪ್ರಾಕೆಟ್‌ಗಳಲ್ಲಿ ಇದು ಬಳಕೆಯಲ್ಲಿದೆ.

ಭದ್ರತಾ ತಂತಿ: ತಲೆಯಲ್ಲಿ ರಂಧ್ರವಿರುವ ಬೋಲ್ಟು ಅಥವಾ ನಟ್‌ಗಳಿಗೆ ತುಕ್ಕುಹಿಡಿಯದ ಉಕ್ಕಿನ ತಂತಿ ತೂರಿಸಿ, ಹುರಿಗಟ್ಟಿ, ಪಕ್ಕದ ಬೋಲ್ಟಿಗೋ ಸ್ಥಿರಭಾಗಕ್ಕೋ ಕಟ್ಟುತ್ತಾರೆ. ನಟ್ ಸಡಿಲವಾಗಲು ಹೊರಟರೆ ತಂತಿಯು ಅದನ್ನು ಬಿಗಿಯುವ ದಿಕ್ಕಿಗೇ ಎಳೆಯುವಂತಿರಬೇಕು. ದಿಕ್ಕು ತಪ್ಪಿದರೆ ತಂತಿ ನಿಷ್ಪ್ರಯೋಜಕ. ವಿಮಾನಗಳಲ್ಲಿ ಈ ವಿಧಾನ ಅತಿ ಸಾಮಾನ್ಯ. ಪಂದ್ಯದ ಮೋಟಾರ್ ಸೈಕಲ್‌ಗಳಲ್ಲಿ ಎಂಜಿನ್ ಆಯಿಲ್ ಬಿರಡೆ ಕಳಚಿ ಹಾದಿಯ ಮೇಲೆ ಎಣ್ಣೆ ಚೆಲ್ಲದಂತೆ ಅದಕ್ಕೆ ತಂತಿ ಕಟ್ಟುವ ರೂಢಿಯಿದೆ.

ತುಟಿ ಒತ್ತುವ ನಟ್: ನಟ್‌ನ ಮೇಲಿನ ತೆಳುವಾದ ತುಟಿಯನ್ನು ಅಚ್ಚಿನ ಗಾಡಿಗೆ ಉಳಿಯಿಂದ ತಟ್ಟಿ ಕೂರಿಸುತ್ತಾರೆ. ಮುಂಚಕ್ರಗಳಿಗೆ ಚಾಲನೆಯಿರುವ ಅನೇಕ ಕಾರುಗಳಲ್ಲಿ ಡ್ರೈವ್ ಶಾಫ್ಟ್ ತುದಿಯ ನಟ್ ಈ ಬಗೆಯದು. ಬಿಚ್ಚಿದ ಮೇಲೆ ಹೊಸ ನಟ್ ಹಾಕಬೇಕಾಗುತ್ತದೆ.

ಬಿಗಿತವನ್ನು ಉಳಿಸುವ ವಾಷರ್ ಮತ್ತು ಫ್ಲೇಂಜ್‌ಗಳು

ಬೆಣೆ ವಾಷರ್ ಎರಡು ಬಿಲ್ಲೆಗಳ ಜೋಡಿ. ಬಿಲ್ಲೆಗಳ ಹೊರಮೈಯಲ್ಲಿ ಹಲ್ಲುಗಳೂ ಒಳಮೈಯಲ್ಲಿ ಇಳಿಜಾರಾದ ಮೆಟ್ಟಿಲುಗಳೂ ಇರುತ್ತವೆ. ಮೆಟ್ಟಿಲುಗಳ ಕೋನ ಎಳೆಯ ಕೋನಕ್ಕಿಂತ ಹೆಚ್ಚಿರುವುದರಿಂದ, ನಟ್ ಹಿಂದಕ್ಕೆ ತಿರುಗಲು ಹೊರಟರೆ ಬಿಲ್ಲೆಗಳು ಒಂದನ್ನೊಂದು ಮೇಲೆತ್ತಿ ಬೋಲ್ಟನ್ನು ಇನ್ನೂ ಹಿಗ್ಗಿಸುತ್ತವೆ. ಘರ್ಷಣೆಗೆ ಬದಲಾಗಿ ಬೋಲ್ಟಿನ ಸೆಳೆತವೇ ಇಲ್ಲಿ ಕಾವಲು. 1982ರಲ್ಲಿ ಸ್ವೀಡನ್ನಿನಲ್ಲಿ ಆರಂಭವಾದ ನಾರ್ಡ್-ಲಾಕ್ ಸಂಸ್ಥೆಯು ಈ ವಾಷರಿನ ತಯಾರಿಕೆಗೆ ಹೆಸರಾಗಿದೆ.

ಕೆಲವು ನಟ್‌ಗಳಿಗೆ ಅಗಲವಾದ ಫ್ಲೇಂಜ್ ಇದ್ದು, ಅದರ ತಳದಲ್ಲಿ ಗರಗಸದಂತಹ ಹಲ್ಲುಗಳಿರುತ್ತವೆ. ಬಿಗಿಯುವಾಗ ಜಾರುವ ಈ ಹಲ್ಲುಗಳು ಹಿಂದಕ್ಕೆ ತಿರುಗುವಾಗ ಲೋಹಕ್ಕೆ ಕಚ್ಚಿಕೊಳ್ಳುತ್ತವೆ. ಬಣ್ಣ ಬಳಿದ ಮೇಲ್ಮೈಯನ್ನೂ ಅಲ್ಯೂಮಿನಿಯಮ್ಮಿನಂತಹ ಮೆತ್ತನೆಯ ಲೋಹವನ್ನೂ ಇವು ಗಾಯಗೊಳಿಸುತ್ತವೆ.

ಎಳೆಗಳನ್ನು ಅಂಟಿಸುವ ದ್ರವ

ಅಮೆರಿಕದ ಕನೆಕ್ಟಿಕಟ್ ರಾಜ್ಯದ ಟ್ರಿನಿಟಿ ಕಾಲೇಜಿನಲ್ಲಿ ರಸಾಯನಶಾಸ್ತ್ರದ ಪ್ರಾಧ್ಯಾಪಕರಾಗಿದ್ದ ವರ್ನನ್ ಕ್ರೀಬಲ್ 1953ರಲ್ಲಿ ಈ ದ್ರವವನ್ನು ಅಭಿವೃದ್ಧಿಪಡಿಸಿದರು. ಮುಂದೆ ಇದು ಲಾಕ್‌ಟೈಟ್ ಎಂಬ ಹೆಸರಿನಿಂದ ಪ್ರಸಿದ್ಧವಾಯಿತು. ಗಾಳಿಯ ಸಂಪರ್ಕವಿರುವಾಗ ದ್ರವವಾಗಿಯೇ ಇರುವ ಇದು, ಎಳೆಗಳ ನಡುವೆ ಗಾಳಿಯಿಲ್ಲದ ಕಿರಿದಾದ ಸಂದಿಯಲ್ಲಿ ಲೋಹವನ್ನು ತಾಗಿದಾಗ ಗಟ್ಟಿಯಾಗುತ್ತದೆ. ಸೀಸೆಯನ್ನು ಪೂರ್ತಿ ತುಂಬಿಸದೆ ಗಾಳಿಗೆ ಎಡೆ ಬಿಡುವುದು ಈ ಕಾರಣಕ್ಕಾಗಿಯೇ. ಎಳೆಗಳ ನಡುವಿನ ಸಂದಿ ತುಂಬಿ, ಅಡ್ಡ ಸರಿಯಲು ಅವಕಾಶವಿಲ್ಲದಂತಾಗುವುದು ಇದರ ವಿಶೇಷ. ಪೂರ್ಣ ಗಟ್ಟಿಯಾಗಲು ಸಾಮಾನ್ಯವಾಗಿ 24 ಗಂಟೆ ಬೇಕು.

ಈ ತಯಾರಕರ ಪದ್ಧತಿಯಂತೆ ನೇರಳೆ ಬಣ್ಣದ್ದು ಸಣ್ಣ ತಿರುಪುಗಳಿಗೆ, ನೀಲಿ ಬಣ್ಣದ್ದು ಸಾಮಾನ್ಯ ಉಪಕರಣಗಳಿಂದ ಮುಂದೆ ಬಿಚ್ಚಬೇಕಾದವುಗಳಿಗೆ, ಕೆಂಪು ಬಣ್ಣದ್ದು ಶಾಶ್ವತ ಜೋಡಣೆಗೆ ಮೀಸಲು. ಕೆಂಪು ಹಾಕಿದ ನಟ್ಟನ್ನು ಬಿಚ್ಚಲು ಸಾಮಾನ್ಯವಾಗಿ ಸುಮಾರು 250 ಡಿಗ್ರಿ ಸೆಲ್ಸಿಯಸ್‌ವರೆಗೆ ಕಾಯಿಸಬೇಕಾಗುತ್ತದೆ. ಎಣ್ಣೆ, ಗ್ರೀಸು ಇರುವ ಎಳೆಗಳಲ್ಲಿ ದ್ರವ ಸರಿಯಾಗಿ ಹಿಡಿಯದು. ಕೆಲವು ಪ್ಲಾಸ್ಟಿಕ್ ಭಾಗಗಳನ್ನು ಇದು ಬಿರುಕು ಬಿಡಿಸುತ್ತದೆ.

ಚಕ್ರದ ನಟ್‌ಗಳು

ವಾಹನದಲ್ಲಿ ಅತ್ಯಂತ ಹೊಣೆಯುಳ್ಳ ಚಕ್ರದ ನಟ್‌ಗಳಿಗೆ ಸಾಮಾನ್ಯವಾಗಿ ಪಿನ್ನಾಗಲಿ ಸ್ಪ್ರಿಂಗ್ ವಾಷರಾಗಲಿ ಇರುವುದಿಲ್ಲ. ಅವುಗಳ ಭದ್ರತೆ ಸಂಪೂರ್ಣವಾಗಿ ಹಿಡಿತಬಲವನ್ನೇ ಅವಲಂಬಿಸಿದೆ. ಬಹುತೇಕ ಕಾರುಗಳಲ್ಲಿ ನಟ್‌ನ ತಳ ಶಂಕುವಿನಂತೆಯೋ ಗೋಳದಂತೆಯೋ ಇದ್ದು, ಚಕ್ರದ ಕುಳಿಯಲ್ಲಿ ಮೈಗೆ ಮೈ ತಾಗಿ ಕೂರುತ್ತದೆ. ಒಂದು ಬಗೆಯ ಕುಳಿಗೆ ಇನ್ನೊಂದು ಬಗೆಯ ನಟ್ ಹಾಕಿದರೆ ತಾಗುವ ಮೈ ಕಿರಿದಾಗಿ ಬೇಗನೆ ಕುಸಿತ ಉಂಟಾಗುತ್ತದೆ. ಉಕ್ಕಿನ ಚಕ್ರವನ್ನು ಅಲಾಯ್ ಚಕ್ರಕ್ಕೆ ಬದಲಾಯಿಸುವಾಗ ಇದನ್ನು ಗಮನಿಸುವುದು ಅಗತ್ಯ. ಸಾಧಾರಣ ಕಾರುಗಳಲ್ಲಿ ಚಕ್ರದ ನಟ್‌ಗೆ 80ರಿಂದ 120 ನ್ಯೂಟನ್ ಮೀಟರ್ ಟಾರ್ಕ್ ಇದ್ದರೆ, ಭಾರಿ ಲಾರಿಗಳಲ್ಲಿ ಅದು 600 ನ್ಯೂಟನ್ ಮೀಟರ್‌ನಷ್ಟಿರುತ್ತದೆ. ಖಚಿತ ಅಂಕಿಯನ್ನು ಆಯಾ ವಾಹನದ ಕೈಪಿಡಿಯಿಂದಲೇ ತಿಳಿಯಬೇಕು.

ನಟ್‌ಗಳನ್ನು ಸುತ್ತಿನ ಕ್ರಮದಲ್ಲಿ ಬಿಗಿಯದೆ ಎದುರುಬದುರಾಗಿ, ಹಂತಹಂತವಾಗಿ ಬಿಗಿಯಬೇಕು. ಹಬ್ ಮತ್ತು ಚಕ್ರದ ನಡುವೆ ತುಕ್ಕು, ಮಣ್ಣು, ದಪ್ಪನೆಯ ಬಣ್ಣ ಇರಬಾರದು. ಚಕ್ರ ಬಿಚ್ಚಿ ಹಾಕಿದ ಮೇಲೆ 50ರಿಂದ 100 ಕಿಲೋಮೀಟರ್ ಓಡಿಸಿ ಮತ್ತೊಮ್ಮೆ ಟಾರ್ಕ್ ಪರೀಕ್ಷಿಸಬೇಕೆಂಬ ಸಲಹೆಗೆ ಮೇಲೆ ಹೇಳಿದ ಕುಸಿತವೇ ಕಾರಣ. ಕೆಲವು ಲಾರಿ, ಬಸ್ಸುಗಳ ಚಕ್ರದ ನಟ್‌ಗಳ ಮೇಲೆ ಕಾಣುವ ಹಳದಿ ಪ್ಲಾಸ್ಟಿಕ್ ಬಾಣಗಳು ನಟ್ಟನ್ನು ಬಿಗಿಹಿಡಿಯುವುದಿಲ್ಲ. ನಟ್ ತಿರುಗಿದರೆ ಬಾಣದ ದಿಕ್ಕು ತಪ್ಪಿ, ನೋಡುವವರಿಗೆ ಕೂಡಲೇ ಗೊತ್ತಾಗುತ್ತದೆ.

ಎಡಮುರಿ ಎಳೆ

ಸಾಮಾನ್ಯ ಎಳೆ ಬಲಕ್ಕೆ ತಿರುಗಿಸಿದಾಗ ಬಿಗಿಯುತ್ತದೆ. ಎಡಮುರಿ ಎಳೆ ಎಡಕ್ಕೆ ತಿರುಗಿಸಿದಾಗ ಬಿಗಿಯುತ್ತದೆ. ಭಾಗದ ತಿರುಗುವಿಕೆಯಿಂದಲೇ ನಟ್ ಬಿಚ್ಚಿಕೊಳ್ಳುವ ಸಂಭವವಿರುವಲ್ಲಿ ಎಡಮುರಿ ಎಳೆಯನ್ನು ಬಳಸುತ್ತಾರೆ. ಬೈಸಿಕಲಿನ ಎಡಗಡೆಯ ಪೆಡಲ್ ಎಲ್ಲರಿಗೂ ಪರಿಚಿತವಾದ ಉದಾಹರಣೆ. ಹಿಂದಿನ ಕಾಲದ ಕೆಲವು ಕಾರು ಮತ್ತು ಲಾರಿಗಳಲ್ಲಿ ಎಡಬದಿಯ ಚಕ್ರಗಳಿಗೆ ಇಂತಹ ನಟ್‌ಗಳಿದ್ದವು. ಇದನ್ನರಿಯದೆ ಬಿಚ್ಚಲು ಹೊರಟವರು ಬಿಗಿಯುತ್ತಾ ಹೋಗಿ ಬೋಲ್ಟು ಮುರಿಯುವುದುಂಟು.

ಅವಘಡಗಳು ಮತ್ತು ಕಾನೂನು

2007ರ ಆಗಸ್ಟ್ 20ರಂದು ತೈಪೆಯಿಂದ ಜಪಾನಿನ ನಾಹಾ ವಿಮಾನ ನಿಲ್ದಾಣಕ್ಕೆ ಬಂದಿಳಿದ ಚೈನಾ ಏರ್‌ಲೈನ್ಸ್ ಸಂಸ್ಥೆಯ ಬೋಯಿಂಗ್ 737-800 ವಿಮಾನ ಬೆಂಕಿಗೆ ಆಹುತಿಯಾಯಿತು. ರೆಕ್ಕೆಯ ಮುಂಚೂಣಿಯ ಚಲಿಸುವ ಪಟ್ಟಿಯಲ್ಲಿದ್ದ ಒಂದು ಬೋಲ್ಟು ಸ್ಥಾನ ತಪ್ಪಿ, ಪಟ್ಟಿಯನ್ನು ಒಳಗೆಳೆದಾಗ ಇಂಧನದ ತೊಟ್ಟಿಗೆ ತೂತು ಮಾಡಿತ್ತು. ಇದಕ್ಕೆ ಕೆಲವು ವಾರಗಳ ಹಿಂದೆ, ಅಲ್ಲಿಯ ನಟ್ ಸಡಿಲವಾಗದಿರಲೆಂದು ಅದನ್ನು ಬಿಚ್ಚಿ ಎಳೆ ಅಂಟಿಸುವ ದ್ರವ ಹಾಕುವ ಕೆಲಸ ನಡೆದಿತ್ತು. ಮರುಜೋಡಣೆಯಲ್ಲಿ ಒಂದು ವಾಷರ್ ಬಿಟ್ಟುಹೋಗಿದ್ದಿತು. ನಟ್‌ನ ಗಾತ್ರ ರಂಧ್ರಕ್ಕಿಂತ ಕಿರಿದಾಗಿದ್ದುದರಿಂದ ಜೋಡಣೆಯೇ ರಂಧ್ರದಿಂದ ಜಾರಿಹೋಯಿತು. ವಿಮಾನದಲ್ಲಿದ್ದ 165 ಮಂದಿಯೂ ಸಕಾಲದಲ್ಲಿ ಹೊರಬಂದು ಜೀವ ಉಳಿಸಿಕೊಂಡರು. ನಟ್ಟನ್ನು ಭದ್ರಪಡಿಸುವ ಕ್ರಮವು ಉಳಿದ ಜೋಡಣೆ ಸರಿಯಿದ್ದಾಗ ಮಾತ್ರ ಫಲಕಾರಿ ಎಂಬುದಕ್ಕೆ ಈ ಘಟನೆ ಸಾಕ್ಷಿ.

ರಸ್ತೆಯಲ್ಲಿ ಓಡುತ್ತಿರುವ ಲಾರಿಯಿಂದ ಕಳಚಿದ ಚಕ್ರವು ಎದುರಿನಿಂದ ಬರುವವರಿಗೆ ಪ್ರಾಣಾಂತಿಕ. ಕೆನಡಾದ ಒಂಟಾರಿಯೊ ಪ್ರಾಂತವು ಇಂತಹ ಸಾವುಗಳ ನಂತರ 1997ರಲ್ಲಿ ಕಾನೂನನ್ನು ಬಿಗಿಗೊಳಿಸಿತು. ವಾಣಿಜ್ಯ ವಾಹನದ ಚಕ್ರ ಕಳಚಿದರೆ, ಎಚ್ಚರಿಕೆ ವಹಿಸಿದ್ದೆವೆಂಬ ಸಮರ್ಥನೆಗೆ ಅಲ್ಲಿ ಅವಕಾಶವಿಲ್ಲ. ದಂಡ 50,000 ಕೆನಡಾ ಡಾಲರ್‌ವರೆಗೆ ಇರಬಹುದು.

ಆಯ್ಕೆ ಮತ್ತು ಮರುಬಳಕೆ

- ನಟ್ ಸಡಿಲವಾಗಿರುವುದು ಕಂಡುಬಂದರೆ ಅದನ್ನು ಮತ್ತೆ ಬಿಗಿಯುವುದಷ್ಟೇ ಸಾಲದು. ಬೋಲ್ಟು ಹಿಗ್ಗಿದೆಯೇ, ರಂಧ್ರ ಸವೆದಿದೆಯೇ, ಕುಳಿ ಹಾಳಾಗಿದೆಯೇ ಎಂಬುದನ್ನು ನೋಡಬೇಕು.
- ಸ್ಪ್ಲಿಟ್ ಪಿನ್, ಭದ್ರತಾ ತಂತಿ ಮತ್ತು ತುಟಿ ಒತ್ತಿದ ನಟ್ ಒಮ್ಮೆ ಮಾತ್ರ ಬಳಸತಕ್ಕವು. ಮಡಚುವ ವಾಷರಿನ ಒಮ್ಮೆ ಮಡಚಿದ ನಾಲಗೆಯನ್ನು ಮತ್ತೆ ಮಡಚಬಾರದು.
- ನೈಲಾನ್ ಉಂಗುರದ ನಟ್ ಬರಿಗೈಯಲ್ಲಿ ಸಲೀಸಾಗಿ ಪೂರ್ತಿ ತಿರುಗುವಂತಾದರೆ ಅದನ್ನು ತ್ಯಜಿಸಬೇಕು.
- ಕೈಪಿಡಿಯಲ್ಲಿ ಹೇಳದ ಹೊರತು ಚಕ್ರದ ಬೋಲ್ಟುಗಳಿಗೆ ಎಣ್ಣೆ ಹಾಕಬಾರದು. ಎಣ್ಣೆ ಹಾಕಿದರೆ ಅದೇ ಟಾರ್ಕಿಗೆ ಬೋಲ್ಟು ಮಿತಿಮೀರಿ ಹಿಗ್ಗುತ್ತದೆ.
- ತಯಾರಕರು ಸೂಚಿಸಿದ ವಿಧಾನಕ್ಕೆ ಬದಲಾಗಿ ಮತ್ತೊಂದನ್ನು ಅಥವಾ ಅದರ ಜೊತೆಗೆ ಮತ್ತೊಂದು ವಾಷರನ್ನು ಸೇರಿಸಿದರೆ ಕುಸಿಯುವ ಮೇಲ್ಮೈಗಳ ಸಂಖ್ಯೆ ಹೆಚ್ಚುತ್ತದೆ.

ಇವನ್ನೂ ನೋಡಿ

- ತಿರುಪು
- ಘರ್ಷಣೆ
- ಇಳಿಜಾರು ಸಮತಲ
- ಬೇರಿಂಗ್
- ಬೈಸಿಕಲ್